ಹವ್ಯಾಸಿ ರೇಡಿಯೋ ಶಕ್ತಿವರ್ಧಕಗಳಲ್ಲಿ ಅಪಾಯನಿವಾರಣೆ

ಶ್ರೀರಂಗಪಟ್ಟಣದ ನೆರೆಯ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ೩೦ ವ್ಯಾಟಿನ ಪ್ರೇಷಕಯಂತ್ರವನ್ನಿಟ್ಟು ‘ಆಕಾಶವಾಣಿ’ಯನ್ನು ನಡೆಸಿದುದು ವಾಚಕರಿಗೆ ವಿದಿತವೇ ಆಗಿದೆ. ಇಂದು ಹವ್ಯಾಸಿಗಳು ಮನೆಯಲ್ಲಿ ಕಟ್ಟಿಕೊಳ್ಳುವ ವಾಲ್ವಿನ ಶಕ್ತಿವರ್ಧಕಗಳು ಅದಕ್ಕಿಂತ ಹಲವು ಮಡಿ ಬಲವುಳ್ಳವು. ಅವುಗಳೊಳಗಿನ ವಿದ್ಯುದೊತ್ತಡವು ೩೦೦೦ ವೋಲ್ಟಿಗೂ ಏರುವುದುಂಟು.

ಸ್ವಿಚ್ಚನ್ನು ಆರಿಸಿದ ಮಾತ್ರಕ್ಕೆ ಅಪಾಯವು ಆರುವುದಿಲ್ಲ. ೩೨ ಮೈಕ್ರೋಫ್ಯಾರಡಿನ ಕೆಪಾಸಿಟರು ಆ ಒತ್ತಡದಲ್ಲಿ ೧೪೪ ಜೂಲುಗಳನ್ನು ಹಿಡಿದಿರುತ್ತದೆ. ಮನುಷ್ಯನ ಪ್ರಾಣಕ್ಕೆ ಅಷ್ಟು ಸಾಕು. ಆದುದರಿಂದ ಅದಕ್ಕೆ ಅಡ್ಡಲಾಗಿ ೧ ಲಕ್ಷ ಓಮಿನ ರೋಧಕವನ್ನು ಜೋಡಿಸುವರು. ವಿದ್ಯುತ್ತು ನಿಂತ ಸುಮಾರು ೧೩ ಸೆಕೆಂಡಿನಲ್ಲಿ ಒತ್ತಡವು ೫೦ ವೋಲ್ಟಿಗಿಳಿಯುವುದು. ಆದರೆ ಯಂತ್ರವು ನಡೆಯುವಷ್ಟು ಕಾಲವೂ ಆ ರೋಧಕವು ೯೦ ವ್ಯಾಟಿನ ಕಾವನ್ನು ತಾಳಬೇಕು. ಅದು ಬೆಂದು ಕಡಿದುಹೋದರೂ ವರ್ಧಕವು ಎಂದಿನಂತೆಯೇ ನಡೆಯುವುದು. ಕೆಪಾಸಿಟರು ಮಾತ್ರ ಬರಿದಾಗದು. ಮುಚ್ಚಳವನ್ನು ತೆಗೆದೊಡನೆ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು ಅವಶ್ಯವೇ ಸರಿ, ಆದರೆ ಈ ಕೊರತೆಯನ್ನು ಅದೂ ನೀಗದು.

ಪಾಂಡವಪುರದಲ್ಲಾಗಲಿ ನಾಗಮಂಗಲದಲ್ಲಾಗಲಿ, ಕರೆಂಟು ಹೋದ ವೇಳೆಯಲ್ಲಿ ಪೆಟ್ಟಿಗೆಯನ್ನು ಬಿಚ್ಚುವ ಮನಸ್ಸಾಗುವುದು ಸಹಜ. ಅದು ಮರಳಿ ಬರುವ ಗಳಿಗೆಯನ್ನು ಬಲ್ಲವರಾರು? ಮೊದಲು ಪ್ಲಗ್ಗನ್ನು ಕೀಳಬೇಕು, ಸ್ವಲ್ಪ ಕಾಯಬೇಕು. ವಿದ್ಯುನ್ನಿರೋಧಕವಾದ ಕೋಲಿನ ತುದಿಯ ಕೊಕ್ಕೆಯನ್ನು ಭೂಮಿಗೆ ಜೋಡಿಸಿ, ಮೊದಲು ರೋಧಕವೊಂದರ ಮೂಲಕ, ಬಳಿಕ ನೇರವಾಗಿ, ಕೆಪಾಸಿಟರಿನ ಧನಾಗ್ರಕ್ಕೆ ತಗುಲಿಸತಕ್ಕದ್ದು. ಕೆಲಸವು ಮುಗಿಯುವ ತನಕ ಕೊಕ್ಕೆಯು ಅಲ್ಲಿಯೇ ಇರಲಿ.