ಎದ್ದು ನಿಂತಾಗ ಮಿದುಳು ಮಾಡುವ ಕೆಲಸ

ಇಂಡಿಯ ನಿಂಬೆಯ ತೋಟಗಳಲ್ಲಾಗಲಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಹೊಲಗಳಲ್ಲಾಗಲಿ, ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕುಳಿತು ಕೆಲಸ ಮಾಡಿದವರು ತಟ್ಟನೆ ಎದ್ದು ನಿಂತಾಗ ‘ಕಣ್ಣಿಗೆ ಕತ್ತಲೆ ಬಂತು’ ಎನ್ನುವುದುಂಟು. ಒಂದೆರಡು ಕ್ಷಣಗಳಲ್ಲಿ ಆ ಕತ್ತಲೆ ತಾನಾಗಿ ಸರಿಯುತ್ತದೆ. ಅದು ಬಂದುದೇಕೆ? ಸರಿದುದು ಹೇಗೆ? ಮೊದಲನೆಯ ಪ್ರಶ್ನೆಗೆ ಭೌತಶಾಸ್ತ್ರದಲ್ಲಿಯೂ ಎರಡನೆಯದಕ್ಕೆ ಮಿದುಳಿನ ವ್ಯಾಪಾರದಲ್ಲಿಯೂ ಉತ್ತರವಿದೆ.

ದ್ರವದ ಕಂಬದಲ್ಲಿ ಮೇಲೇರಿದಂತೆ ಒತ್ತಡ ಕಡಮೆಯಾಗುವುದೆಂದು ನಾವು ತರಗತಿಯಲ್ಲಿ ಕಲಿತಿದ್ದೇವೆ. ನಿಂತ ಮನುಷ್ಯನ ಮಿದುಳು ಹೃದಯಕ್ಕಿಂತ ಸುಮಾರು 30 ಸೆಂಟಿಮೀಟರು ಎತ್ತರದಲ್ಲಿದೆ. ರಕ್ತದ ಸಾಪೇಕ್ಷ ಸಾಂದ್ರತೆ 1.06, ಪಾದರಸದ್ದು 13.6. ಆದುದರಿಂದ 300 ಮಿಲಿಮೀಟರು ಎತ್ತರದ ರಕ್ತದ ಕಂಬವು ಸುಮಾರು 23 ಮಿಲಿಮೀಟರು ಪಾದರಸಕ್ಕೆ ಸಮ. ಹೃದಯದ ಮಟ್ಟದಲ್ಲಿ ಸರಾಸರಿ ಒತ್ತಡ 93 ಇದ್ದರೆ ಮಿದುಳಿನ ಮಟ್ಟದಲ್ಲಿ 70 ಮಾತ್ರ. ಇದು ಸಾಲದೆಂಬಂತೆ, ನಿಂತೊಡನೆ ಅರ್ಧ ಲೀಟರಿನಷ್ಟು ಅಥವಾ ಅದಕ್ಕೂ ಮಿಕ್ಕ ರಕ್ತವು ಕಾಲು ಮತ್ತು ಹೊಟ್ಟೆಯ ಅಭಿಧಮನಿಗಳಿಗೆ ಇಳಿಯುತ್ತದೆ. ಹೃದಯಕ್ಕೆ ಮರಳುವ ರಕ್ತವು ತಗ್ಗಿ, ಅದು ಹೊರದೂಡುವ ರಕ್ತವೂ ತಗ್ಗುತ್ತದೆ. ಮಿದುಳಿಗೆ ರಕ್ತದ ಪೂರೈಕೆ ಪೂರ್ತಿ ನಿಂತರೆ ಹತ್ತು ಸೆಕೆಂಡುಗಳೊಳಗೆ ಎಚ್ಚರ ತಪ್ಪುವುದು.

ಈಗ ಆಲಮಟ್ಟಿಯ ಅಣೆಕಟ್ಟನ್ನು ನೆನೆಯೋಣ. ಅಲ್ಲಿ ನೀರಿನ ಮಟ್ಟವನ್ನು ಅಳೆಯುತ್ತಾರೆ. ಅಳತೆಯನ್ನು ನೋಡಿ ನಿರ್ಧರಿಸುತ್ತಾರೆ. ಅದರಂತೆ ಬಾಗಿಲುಗಳನ್ನು ಎತ್ತುತ್ತಾರೆ, ಇಳಿಸುತ್ತಾರೆ. ಅಳತೆ, ನಿರ್ಧಾರ, ಕಾರ್ಯ ಎಂಬ ಈ ಮೂರೂ ನಮ್ಮ ದೇಹದಲ್ಲಿವೆ.

ಅಳೆಯುವ ನರತುದಿಗಳು ಮಹಾಧಮನಿಯ ಕಮಾನಿನಲ್ಲಿಯೂ, ಕೊರಳಿನ ಕೆರೋಟಿಡ್ ಧಮನಿ ಕವಲೊಡೆಯುವೆಡೆಯಲ್ಲಿಯೂ ಇವೆ. ಒತ್ತಡ ಹೆಚ್ಚಿ ಧಮನಿಯ ಗೋಡೆ ಹಿಗ್ಗಿದರೆ ಅವು ಹೆಚ್ಚು ಸಂಜ್ಞೆಗಳನ್ನು ಕಳುಹಿಸುತ್ತವೆ. ಒತ್ತಡ ಇಳಿದರೆ ಸಂಜ್ಞೆಗಳು ವಿರಳವಾಗುತ್ತವೆ. ಮಹಾಧಮನಿಯ ಕಡೆಯಿಂದ ಬರುವ ಇಂಥ ನರವನ್ನು ಲುಡ್ವಿಗ್ ಮತ್ತು ಸಿಯಾನ್ 1866ರಲ್ಲಿ ಮೊಲದಲ್ಲಿ ಗುರುತಿಸಿದರು. ಕೊರಳಿನ ಪ್ರತಿಕ್ರಿಯೆಯನ್ನು 1920ರ ದಶಕದಲ್ಲಿ ಹೆರಿಂಗ್ ವಿವರಿಸಿದರು.

ಈ ಸಂಜ್ಞೆಗಳು ಸೇರುವ ಸ್ಥಳವೇ ಮಿದುಳಿನ ಬುಡದಲ್ಲಿರುವ ಮೆಡುಲ್ಲ. ಸಂಜ್ಞೆ ವಿರಳವಾದೊಡನೆ ಅದು ಹೃದಯವನ್ನು ನಿಧಾನಗೊಳಿಸುವ ವೇಗಸ್ ನರವನ್ನು ಸುಮ್ಮನಾಗಿಸಿ, ಸಿಂಪಥೆಟಿಕ್ ನರಗಳನ್ನು ಚುರುಕುಗೊಳಿಸುತ್ತದೆ. ಹೃದಯ ಬೇಗಬೇಗನೆ, ಬಲವಾಗಿ ಬಡಿಯುತ್ತದೆ, ಕಿರುಧಮನಿಗಳು ಬಿಗಿಯುತ್ತವೆ, ಒತ್ತಡ ಮೇಲೇರುತ್ತದೆ. ಇದೆಲ್ಲವೂ ಕೆಲವೇ ಸೆಕೆಂಡುಗಳ ಕೆಲಸ. ಆರೋಗ್ಯವಂತ ವಿದ್ಯಾರ್ಥಿಗಳು ಇದನ್ನು ತಾವೇ ನೋಡಬಹುದು. ಐದು ನಿಮಿಷ ಮಲಗಿ ನಾಡಿಯನ್ನು ಎಣಿಸಿ, ಎದ್ದು ನಿಂತು ಮತ್ತೆ ಎಣಿಸಿದರೆ, ಬಡಿತವು ಹೆಚ್ಚಿರುವುದು ಕಾಣುತ್ತದೆ.

ಬೇಸಗೆಯಲ್ಲಿ ಈ ಸೀಮೆಯ ಉಷ್ಣತೆ 40 ಡಿಗ್ರಿಯನ್ನು ದಾಟುವುದುಂಟು. ಆಗ ಮಿದುಳಿಗೆ ಇಬ್ಬಗೆಯ ಕರ್ತವ್ಯ. ಕಾವನ್ನು ಹೊರಹಾಕಲು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಬೇಕು. ಒತ್ತಡವನ್ನು ಕಾಯಲು ನಾಳಗಳನ್ನು ಬಿಗಿಯಬೇಕು. ಬೆವರಿನಿಂದ ರಕ್ತದ ನೀರಿನಂಶವೂ ಕುಗ್ಗಿದ್ದರೆ ಮೆಡುಲ್ಲದ ಪ್ರಯತ್ನ ಸಾಲದೆ ಮನುಷ್ಯ ಬವಳಿಬಂದು ಬೀಳುತ್ತಾನೆ. ಬಿದ್ದಾಗ ತಲೆ ಮತ್ತು ಹೃದಯ ಒಂದೇ ಮಟ್ಟಕ್ಕೆ ಬರುವುದರಿಂದ ಆ 23 ಮಿಲಿಮೀಟರಿನ ನಷ್ಟ ಇಲ್ಲವಾಗುತ್ತದೆ. ಹೀಗೆ ಬಿದ್ದವರನ್ನು ಗಾಬರಿಯಿಂದ ಎತ್ತಿ ಕೂಡಿಸುವುದು ತಪ್ಪು. ನೆರಳಿನಲ್ಲಿ ಮಲಗಿಸಿ ಕಾಲುಗಳನ್ನು ತುಸು ಎತ್ತರಿಸಬೇಕು. ಬೇಗನೆ ಎಚ್ಚರಾಗದಿದ್ದರೆ ವೈದ್ಯರ ನೆರವು ಬೇಕು.

ವಯಸ್ಸಾದವರಲ್ಲಿ ಈ ಪ್ರತಿಕ್ರಿಯೆ ಮಂದವಾಗಿರುವುದುಂಟು. ನಿಂತ ಮೂರು ನಿಮಿಷಗಳೊಳಗೆ ಮೇಲಿನ ಒತ್ತಡ 20 ಅಥವಾ ಕೆಳಗಿನದು 10 ಮಿಲಿಮೀಟರಿನಷ್ಟು ಇಳಿದರೆ ವೈದ್ಯರು ಅದನ್ನು ದೋಷವೆಂದೇ ಎಣಿಸುತ್ತಾರೆ. ಅಂಥವರು ಮೊದಲು ಎದ್ದು ಕುಳಿತು, ತುಸು ತಡೆದು, ಬಳಿಕ ನಿಲ್ಲುವುದು ಲೇಸು.

ಕೊನೆಗೊಂದು ಎಚ್ಚರಿಕೆಯ ಮಾತು. ರಕ್ತದೊತ್ತಡವು ಬಹುಕಾಲ ಏರಿಯೇ ಇದ್ದರೆ ಅಳೆಯುವ ನರತುದಿಗಳು ಅದನ್ನೇ ಸಹಜವೆಂದು ಒಪ್ಪಿಕೊಂಡುಬಿಡುತ್ತವೆ. ಆಮೇಲೆ ಮಿದುಳು ಕಾಯುವುದು ಆ ಏರಿದ ಮಟ್ಟವನ್ನೇ. ಅಳತೆಗೋಲೇ ಜರುಗಿದ ಮೇಲೆ ಕಾವಲುಗಾರನಿಗೆ ಅಪಾಯ ತಿಳಿಯುವುದೆಂತು? ‘ನನಗೇನೂ ಆಗಿಲ್ಲ’ ಎನ್ನುವ ಹಿರಿಯರನ್ನು ನಾವು ಒಮ್ಮೆಯಾದರೂ ಆಸ್ಪತ್ರೆಗೆ ಕರೆದೊಯ್ದು ಒತ್ತಡವನ್ನು ಅಳೆಯಿಸಬೇಕಾದುದು ಇದಕ್ಕಾಗಿಯೇ.