ಒಂಟಿ ಕಂಬದ ಟೇಬಲ್: ಆಚಾರ್ರಿಗೆ ಮೊದಲೇ ಹೇಳಬೇಕಾದ್ದು

ಬೆಂಗಳೂರಿನ ಫ್ಲ್ಯಾಟಿಗೊಂದು ದುಂಡು ಟೇಬಲ್ ಊರಲ್ಲೇ ಮಾಡಿಸ್ಕೊಂಡು ಬರೋಣ ಅಂತಿದ್ದೀರಾ? ನೀವು ಕಡೂರು, ತರೀಕೆರೆ, ಅಜ್ಜಂಪುರದ ಕಡೆಯವರಾದರೆ ಕೊಟ್ಟಿಗೆ ಅಟ್ಟದ ಮೇಲೆ ಹಳೇ ಹಲಸಿನ ಹಲಗೆ ಸಿಕ್ಕರೂ ಸಿಗಬಹುದು. ತೇಗವೇ ಬೇಕು ಅಂದರೆ ಭದ್ರಾ ಕಾಡಿನ ಅಂಚಿನ ಲಕ್ಕವಳ್ಳಿ ಹತ್ತಿರದಲ್ಲೇ ಇದೆ. ಹಲಸು ಹೊಸದರಲ್ಲಿ ಹಳದಿ, ವರ್ಷ ಕಳೆದಂತೆ ಕಂದು. ನನ್ನ ಓಟು ಅದಕ್ಕೇ.

ಮರ ಸಿಕ್ಕಿತು ಅಂದ ಮಾತ್ರಕ್ಕೆ ಟೇಬಲ್ ಆಗಲ್ಲ. ನಾಲ್ಕು ಮೂಲೆಗೆ ನಾಲ್ಕು ಕಾಲಿದ್ದರೆ ಭಾರ ಹಂಚಿಹೋಗುತ್ತೆ. ಇಲ್ಲಿ ಎಲ್ಲಾ ಭಾರ ಒಂದೇ ಕಂಬದ ಮೇಲೆ, ಅಲ್ಲಿಂದ ಬುಡದ ಬಾಗಿದ ಪಾದಗಳಿಗೆ. ಮುರಿದರೆ ಮುರಿಯೋದು ಆ ಪಾದವೇ. ಮರದ ಎಳೆ ಪಾದದ ಉದ್ದಕ್ಕೆ ಓಡಬೇಕು; ಬಾಗಿದ ಕಡೆ ಎಳೆ ಅಡ್ಡ ಬಿದ್ದರೆ ಬಿಸ್ಕತ್ತಿನ ಹಾಗೆ ಲಟಕ್ಕನೆ ಹೋಗುತ್ತೆ. ರಟ್ಟಿನಲ್ಲಿ ಪಾದದ ಆಕಾರ ಕತ್ತರಿಸಿ ಹಲಗೆ ಮೇಲೆ ತಿರುಗಿಸಿ ತಿರುಗಿಸಿ ನೋಡೋದು ಇದಕ್ಕೇ.

ಪಾದ ಮೂರೋ, ನಾಲ್ಕೋ? ಮೂರಿದ್ದರೆ ನೆಲ ಏರುಪೇರಿದ್ದರೂ ಕುಲುಕಲ್ಲ. ಆದರೆ ಲೆಕ್ಕ ನೋಡಿ: ಪಾದ ನಡುವಿನಿಂದ 12 ಇಂಚು ಚಾಚಿದ್ದರೆ, ಟೇಬಲ್ ಮಗುಚುವ ಗೆರೆ ಮೂರು ಪಾದಕ್ಕೆ ನಡುವಿನಿಂದ 6 ಇಂಚಿಗೇ ಬರುತ್ತೆ, ನಾಲ್ಕಕ್ಕೆ ಸುಮಾರು 8.5 ಇಂಚಿಗೆ. ಅಂಚಿಗೆ ಜೋತುಬೀಳೋ ಮಕ್ಕಳಿದ್ದರೆ ನಾಲ್ಕೇ ಇರಲಿ.

ಕೆಲಸದ ಕ್ರಮವೂ ಮುಖ್ಯ. ಮರ ಚೌಕವಾಗಿರುವಾಗಲೇ ಜೋಡಣೆಯ ತೂತು, ನಾಲಗೆ ಕೊರೆದುಕೊಳ್ಳಬೇಕು. ಮೊದಲೇ ದುಂಡಗೆ ಕೆತ್ತಿಬಿಟ್ಟರೆ ಮೂಲೆಮಟ್ಟ ಇಡೋಕೆ ಜಾಗವೇ ಇರಲ್ಲ. ಕಂಬವನ್ನು ಲೇಥಿನಲ್ಲಿ ಕಡೆದ ಮೇಲೂ ಪಾದ ಕೂರುವ ಕಡೆ ಚಪ್ಪಟೆ ಮಾಡ್ತಾರೆ. ಕಂಬದೊಳಗೆ ಮರದ ತಿರುಳು ಬರಬಾರದು, ಅಲ್ಲಿಂದಲೇ ಸೀಳು ಶುರುವಾಗೋದು. ಪಾದಗಳನ್ನು ಒಟ್ಟಿಗೆ ಬಿಗಿದು ಅರ ಹಾಕಿದರೆ ಎಲ್ಲಾ ಒಂದೇ ಅಚ್ಚು. ಆಮೇಲೆ ಸ್ಯಾಂಡ್ ಪೇಪರ್ 80, 120, 180, ಎಳೆಯ ಜೊತೆಗೇ. ಕಂಬದ ಅಡಿಗೆ ಪಾದಗಳನ್ನು ಹಿಡಿದಿಡುವ ಕಬ್ಬಿಣದ ಪಟ್ಟಿಯೊಂದು ಇದ್ದರೆ ಪಾದ ಹರಡಲ್ಲ. ಯಾರಿಗೂ ಕಾಣಲ್ಲ ಅಂತ ಬಿಡಬೇಡಿ.

ಇನ್ನು ಮೇಲ್ಹಲಗೆ. ತರೀಕೆರೆಯ ಆಷಾಢದ ಮಳೆಯಲ್ಲಿ ಮಾಡಿದ ಟೇಬಲ್ ಮಾರ್ಚಿನ ಬೆಂಗಳೂರಿಗೆ ಬಂದರೆ ಏನಾಗುತ್ತೆ? ಮರ ಉದ್ದಕ್ಕೆ ಹೆಚ್ಚುಕಮ್ಮಿ ಅಲುಗಲ್ಲ, ಅಗಲಕ್ಕೆ ಕುಗ್ಗುತ್ತೆ. 3 ಅಡಿಗೆ ಕೆಲವು ಮಿಲಿಮೀಟರ್. ಕೆಳಗಿನ ಅಡ್ಡಪಟ್ಟಿಗೆ ಫೆವಿಕಾಲ್ ಹಾಕಿ ಬಿಗಿದಿದ್ದರೆ ಹಲಗೆ ನಡುವೆ ಬಿರಿಯುತ್ತೆ, ಅಜ್ಜ ನೆಟ್ಟ ಹಲಸಾದರೂ ಸರಿ. ಅಂಟು ಬೇಡ, ಸ್ಕ್ರೂ ಸಾಕು. ಅಡ್ಡಪಟ್ಟಿಯಲ್ಲಿ ನಡುವಿನದೊಂದು ಬಿಟ್ಟು ಉಳಿದ ಸ್ಕ್ರೂ ತೂತುಗಳನ್ನು ಅಗಲದ ದಿಕ್ಕಿಗೆ ಉದ್ದುದ್ದ ಕೊರೆಯಬೇಕು. ಆಚಾರ್ರಿಗೆ ಇದು ಸ್ವಲ್ಪ ಹೊತ್ತಿನ ಕೆಲಸ. ಅಡ್ವಾನ್ಸ್ ಕೊಡುವಾಗಲೇ ಹೇಳಿಬಿಡಿ.