ಐವರು ಬಾಲಗಾಯಕರು

ಬಾಲ್ಯದಲ್ಲಿ ದೊರೆತ ಕೀರ್ತಿಯು ಎಂತಹ ತೀಕ್ಷ್ಣವಾದ ವಸ್ತುವೆಂಬುದನ್ನು ಅಮೆರಿಕೆಯ ಈ ಐವರು ಹುಡುಗರ ವೃತ್ತಾಂತದಿಂದ ವಾಚಕರು ತಿಳಿಯಬಹುದು. ಫ್ರಾಂಕಿ ಲೈಮನ್, ಹರ್ಮನ್ ಸ್ಯಾಂಟಿಯಾಗೋ, ಜಿಮ್ಮಿ ಮರ್ಚೆಂಟ್, ಜೋ ನೆಗ್ರೋನಿ, ಶೆರ್ಮನ್ ಗಾರ್ನ್ಸ್ ಎಂಬ ಇವರು ನ್ಯೂಯಾರ್ಕ್ ನಗರದವರು. ಸ್ಯಾಂಟಿಯಾಗೋ ಮತ್ತು ನೆಗ್ರೋನಿ ಪೋರ್ಟೊ ರಿಕೋ ಮೂಲದವರು. ಉಳಿದ ಮೂವರು ಆಫ್ರಿಕಾ ಮೂಲದ ಮನೆತನಗಳವರು. ಇವರ ಮೇಳಕ್ಕೆ ‘ಟೀನೇಜರ್ಸ್’ ಎಂದು ಹೆಸರಾಯಿತು.

ರಾಕ್ ಆಂಡ್ ರೋಲ್ ಎಂಬ ನೂತನ ಸಂಗೀತವು ಆಗ ತಲೆಯೆತ್ತುತ್ತಿದ್ದ ಕಾಲ. ಬೀದಿಯ ಮೂಲೆಯಲ್ಲಿ ನಿಂತು ಹಾಡುವ ಇಂತಹ ಹುಡುಗರಿಗೆ ಕಂಠವೇ ವಾದ್ಯ. ಮಂದ್ರಸ್ಥಾಯಿಯವನು ಮೃದಂಗದ ಸೊಲ್ಲುಗಳಂತೆ ಅರ್ಥವಿಲ್ಲದ ಅಕ್ಷರಗಳನ್ನು ಉಚ್ಚರಿಸಿ ಲಯವನ್ನು ಹಿಡಿಯುವನು. ನಡುವಿನವರು ಸ್ವರಮೇಳವನ್ನು ಕೂಡಿಸುವರು. ಒಬ್ಬನು ಅವೆಲ್ಲಕ್ಕೂ ಮೇಲೆ ಸಾಹಿತ್ಯವನ್ನು ಹಾಡುವನು. ಧ್ವನಿಮುದ್ರಣದ ವ್ಯಾಪಾರಿ ಜಾರ್ಜ್ ಗೋಲ್ಡ್ನರ್ ಎಂಬಾತನು ಇವರನ್ನು ಕೇಳಿ, ಹದಿಮೂರು ವರ್ಷದ ಲೈಮನ್‌ನ ಸ್ಫಟಿಕದಂತಹ ಕಂಠಕ್ಕೆ ಮಾರುಹೋದನು. ‘ವೈ ಡೂ ಫೂಲ್ಸ್ ಫಾಲ್ ಇನ್ ಲವ್’ ಎಂಬ ಗೀತೆಯ ತಟ್ಟೆಯು 1956ರ ಜನವರಿಯಲ್ಲಿ ಹೊರಬಿದ್ದಿತು. ಮೂಢರು ಪ್ರೇಮದಲ್ಲಿ ಸಿಲುಕುವುದೇಕೆಂದು ಮೀಸೆ ಮೂಡದ ಬಾಲಕನು ಕೇಳುವುದು ವಿನೋದವೇ ಸರಿ! ಗೀತೆಯು ಅಮೆರಿಕೆಯ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಆರನೆಯದಾಯಿತು. ಅದೇ ವರ್ಷದ ಜುಲೈಯಲ್ಲಿ ಇಂಗ್ಲೆಂಡಿನಲ್ಲಿ ಮೊದಲನೆಯದೇ ಆಯಿತು.

ಮರುವರ್ಷ ಮೇಳವು ಯೂರೋಪಿನಲ್ಲಿ ಸಂಚರಿಸಿತು. ಆದರೆ ಲೈಮನ್‌ನನ್ನು ಒಬ್ಬಂಟಿಯಾಗಿ ಮುಂದೆ ನಿಲ್ಲಿಸಬೇಕೆಂಬ ಯೋಚನೆ ಹಿರಿಯರಲ್ಲಿ ಆಗಲೇ ಹುಟ್ಟಿದ್ದಿತು. 1957 ಮುಗಿಯುವುದರೊಳಗೆ ಮೇಳವು ಒಡೆಯಿತು. ಅದೇ ವರ್ಷ ಟೆಲಿವಿಷನ್ ಕಾರ್ಯಕ್ರಮವೊಂದರಲ್ಲಿ ಲೈಮನ್ ಬಿಳಿಯ ಬಾಲಿಕೆಯೊಬ್ಬಳೊಡನೆ ಕುಣಿದುದಕ್ಕಾಗಿ ದಕ್ಷಿಣ ಪ್ರಾಂತ್ಯಗಳು ಕೆರಳಿದುವು, ಕಾರ್ಯಕ್ರಮವೇ ನಿಂತುಹೋಯಿತು. ಬಳಿಕ ಪ್ರಕೃತಿನಿಯಮದಂತೆ ಅವನ ಕಂಠವು ಒಡೆಯಿತು. ಜಗತ್ತು ಮೆಚ್ಚಿದ್ದುದು ಆ ಎಳೆಯ ಕಂಠವನ್ನೇ ಅಲ್ಲವೇ? ಹೆರಾಯಿನ್ ಎಂಬ ಮಾದಕದ್ರವ್ಯಕ್ಕೆ ವಶನಾಗಿ, 1968ರ ಫೆಬ್ರವರಿ 27ರಂದು ತನ್ನ ಅಜ್ಜಿಯ ಮನೆಯಲ್ಲಿ ಅವನು ಮೃತನಾದನು. ಆಗ ಇಪ್ಪತ್ತೈದೇ ವಯಸ್ಸು.

ಗೀತೆಯು ಮಾತ್ರ ಸಾಯಲಿಲ್ಲ. 1981ರಲ್ಲಿ ಡಯಾನಾ ರಾಸ್ ಅದನ್ನು ಮತ್ತೆ ಹಾಡಿದಾಗ ಧನವು ಹರಿಯಿತು. ತಾವೇ ಲೈಮನ್‌ನ ವಿಧವೆಯೆಂದು ಮೂವರು ಸ್ತ್ರೀಯರು ನ್ಯಾಯಾಲಯವನ್ನೇರಿದರು. ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಕಲಕುವುದು ಕರ್ತೃತ್ವದ ವಿವಾದ. ಗೀತೆಯ ರಚನಕಾರರೆಂದು ಲೈಮನ್‌ನೊಡನೆ ಗೋಲ್ಡ್ನರ್‌ನ ಹೆಸರೂ, ಅವನ ವ್ಯಾಪಾರವನ್ನು ಕೊಂಡ ಮಾರಿಸ್ ಲೆವಿಯ ಹೆಸರೂ ಕ್ರಮವಾಗಿ ಸೇರಿದ್ದುವು. ವರ್ತಕನು ಹಣ ಕೊಟ್ಟು ತಟ್ಟೆಯನ್ನು ಕೊಳ್ಳಬಹುದು. ಕವಿತ್ವವನ್ನು ಕೊಳ್ಳುವುದು ಎಂತು? ಗೀತೆಯನ್ನು ರಚಿಸಿದವರು ತಾವೆಂದು ಸ್ಯಾಂಟಿಯಾಗೋ ಮತ್ತು ಮರ್ಚೆಂಟ್ 1987ರಲ್ಲಿ ದಾವೆ ಹೂಡಿದರು. ತೀರ್ಪನ್ನು ಕೇಳಲು ಲೆವಿ ಬದುಕಿರಲಿಲ್ಲ; ಗಾರ್ನ್ಸ್ ಮತ್ತು ನೆಗ್ರೋನಿ ಎಂದೋ ಗತಿಸಿದ್ದರು. 1992ರಲ್ಲಿ ನ್ಯಾಯಾಲಯವು ಇವರಿಬ್ಬರನ್ನೂ ಸಹಕರ್ತೃಗಳೆಂದು ಒಪ್ಪಿತು. 1996ರಲ್ಲಿ ಮೇಲಿನ ನ್ಯಾಯಾಲಯವು ಆ ತೀರ್ಪನ್ನು ತೊಡೆದುಹಾಕಿತು. ಕೊಟ್ಟ ಕಾರಣ ಒಂದೇ: ದಾವೆಯನ್ನು ಮೂರು ವರ್ಷಗಳೊಳಗೆ ಹೂಡಬೇಕಾಗಿದ್ದಿತು.